ನೂರು ನಿಮಿಷದ ರೋಮ್

ಒಂದೂವರೆ ಯೂರೋ ಕೊಟ್ಟರೆ ರೋಮಿನಲ್ಲಿ ಸಿಗುವುದು ನೂರು ನಿಮಿಷ. ಎಲ್ಲಿಂದ ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ, ಸ್ಟೇಜಿನ ಲೆಕ್ಕವಿಲ್ಲ, ಚಿಲ್ಲರೆ ಬಾಕಿಯನ್ನು ಟಿಕೆಟ್ಟಿನ ಹಿಂದೆ ಬರೆದುಕೊಡುವ ಪದ್ಧತಿಯಂತೂ ಇಲ್ಲವೇ ಇಲ್ಲ. ಬಿಎಂಟಿಸಿಯಲ್ಲೂ ನಮ್ಮ ಮೆಟ್ರೊದಲ್ಲೂ ದೂರಕ್ಕೆ ದುಡ್ಡು ಕೊಟ್ಟು ರೂಢಿಯಾದವರು ಅಲ್ಲಿ ಮೊದಲು ಎಡವುವುದೇ ಇಲ್ಲಿ. ರೋಮಿನ ಟಿಕೆಟ್ಟು ಒಂದು ಗಡಿಯಾರ ಇದ್ದ ಹಾಗೆ. ಅದಕ್ಕೆ ಕೀಲಿ ಕೊಡಬೇಕಾದವರು ನೀವು. ಕೀಲಿ ಕೊಡದೆ ಜೇಬಿನಲ್ಲಿಟ್ಟುಕೊಂಡು ಕೂತರೆ, ದುಡ್ಡು ಕೊಟ್ಟೇ ಕೊಂಡಿದ್ದರೂ ತಪಾಸಣೆಯವರ ಲೆಕ್ಕದಲ್ಲಿ ನೀವು ಟಿಕೆಟ್ಟಿಲ್ಲದವರು.

ಕೀಲಿ ಕೊಡುವುದೆಂದರೆ ಮುದ್ರೆ ಒತ್ತಿಸುವುದು. ಮೆಟ್ರೊದಲ್ಲಿ ಇದು ತಾನಾಗಿಯೇ ಆಗುತ್ತದೆ, ಟಿಕೆಟ್ಟು ತೂರಿಸದೆ ಗೇಟು ತೆರೆಯುವುದಿಲ್ಲವಲ್ಲ. ತೊಂದರೆ ಇರುವುದು ಬಸ್ಸು, ಟ್ರಾಮ್‌ಗಳಲ್ಲಿ. ಅಲ್ಲಿ ಕಂಡಕ್ಟರ್ ಇಲ್ಲ, ಡ್ರೈವರ್ ಟಿಕೆಟ್ಟು ಮಾರುವುದಿಲ್ಲ. ಬಾಗಿಲ ಬಳಿಯ ಕಂಬಕ್ಕೆ ಒಂದು ಪೆಟ್ಟಿಗೆ ಹಾಕಿರುತ್ತಾರೆ. ಹತ್ತಿದ ಕೂಡಲೇ, ಸೀಟು ಹುಡುಕುವ ಮೊದಲೇ, ಟಿಕೆಟ್ಟನ್ನು ಬಾಣದ ಗುರುತು ಇರುವ ಕಡೆಯಿಂದ ಅದರ ಬಾಯಿಗೆ ಇಡಬೇಕು. ಅದು ತಾರೀಕು, ಗಂಟೆ ಅಚ್ಚೊತ್ತಿ ವಾಪಸು ಕೊಡುತ್ತದೆ. ಅಚ್ಚು ಬಿದ್ದಿದೆಯೇ ಎಂದು ಕಣ್ಣಾರೆ ನೋಡಿಕೊಳ್ಳಿ, ಶಾಯಿ ಒಣಗಿದ ಪೆಟ್ಟಿಗೆಗಳಿಗೆ ಕೊರತೆಯಿಲ್ಲ. ಒಂದು ಕೆಟ್ಟಿದ್ದರೆ ಇನ್ನೊಂದು ಬಾಗಿಲ ಹತ್ತಿರದ್ದಕ್ಕೆ ಹೋಗಿ. ಎಲ್ಲವೂ ಕೆಟ್ಟಿದ್ದರೆ ತಾರೀಕು, ವೇಳೆ, ಬಸ್ಸಿನ ನಂಬರನ್ನು ಪೆನ್ನಿನಲ್ಲಿ ಟಿಕೆಟ್ಟಿನ ಮೇಲೆಯೇ ಬರೆಯಿರಿ. ಬಸ್ಸಿನಿಂದ ಬಸ್ಸಿಗೆ ಬದಲಿಸಿದರೆ ಆ ನೂರು ನಿಮಿಷದೊಳಗೆ ಮತ್ತೆ ದುಡ್ಡಿಲ್ಲ. ಮೆಟ್ರೊಗೆ ಮಾತ್ರ ಒಂದು ಕಟ್ಟುಪಾಡು: ಒಂದು ಟಿಕೆಟ್ಟಿಗೆ ಒಂದೇ ಪ್ರವೇಶ. ಒಳಗೆ ಎಷ್ಟು ಲೈನ್ ಬದಲಿಸಿದರೂ ಸರಿ, ಗೇಟಿನಿಂದ ಹೊರಬಿದ್ದರೆ ನಿಮಿಷ ಉಳಿದಿದ್ದರೂ ಆ ಟಿಕೆಟ್ಟಿಗೆ ಮತ್ತೆ ಮೆಟ್ರೊ ಇಲ್ಲ. ಬಸ್ಸು ಉಂಟು.

ತಪಾಸಣೆಯವರು ದಿನವೂ ಸಿಗುವುದಿಲ್ಲ. ಸಿಕ್ಕ ದಿನ ಸ್ಥಳದಲ್ಲೇ ಅಥವಾ ಐದು ದಿನದೊಳಗೆ ಕಟ್ಟಿದರೆ 54.90 ಯೂರೋ ದಂಡ, ಆಮೇಲಾದರೆ ಹೆಚ್ಚುಕಡಿಮೆ ಅದರ ಎರಡರಷ್ಟು. "ಗೊತ್ತಿರಲಿಲ್ಲ" ಎಂಬ ಮಾತು ನಡೆಯುವುದಿಲ್ಲ. ಪ್ರವಾಸಿಗರಿಗೆ ಗೊತ್ತಿರುವುದಿಲ್ಲ ಎಂಬುದು ಅವರಿಗೂ ಚೆನ್ನಾಗಿ ಗೊತ್ತು. ಮೆಟ್ರೊದಿಂದ ಹೊರಬರುವ ದಾರಿಯಲ್ಲೂ ನಿಂತಿರುತ್ತಾರೆ, ಆದ್ದರಿಂದ ರಸ್ತೆಗೆ ಬರುವವರೆಗೆ ಟಿಕೆಟ್ಟು ಬಿಸಾಡಬೇಡಿ.

ಕೊಳ್ಳುವುದು ಎಲ್ಲಿ? ಮೆಟ್ರೊ ನಿಲ್ದಾಣದ ಯಂತ್ರದಲ್ಲಿ, ಪತ್ರಿಕೆ ಮಾರುವ ಗೂಡಂಗಡಿಯಲ್ಲಿ, ಇಲ್ಲವೇ ದೊಡ್ಡ 'ಟಿ' ಅಕ್ಷರದ ಫಲಕ ಹಾಕಿದ ತಬಾಕ್ಕಿ ಅಂಗಡಿಯಲ್ಲಿ. ತಬಾಕ್ಕಿ ಎಂದರೆ ಹೊಗೆಸೊಪ್ಪಿನ ಅಂಗಡಿ. ಕೆಲವು ಹಳೆಯ ಫಲಕಗಳಲ್ಲಿ 'ಉಪ್ಪು ಮತ್ತು ಹೊಗೆಸೊಪ್ಪು' ಎಂಬ ಅರ್ಥದ ಬರಹ ಇನ್ನೂ ಉಳಿದಿದೆ. ಒಂದು ಕಾಲಕ್ಕೆ ಉಪ್ಪಿನ ಮಾರಾಟವೂ ಸರ್ಕಾರದ ಏಕಸ್ವಾಮ್ಯವಾಗಿತ್ತು, ಅದರ ಗುರುತು. ಭಾನುವಾರ ಸಂಜೆ ಮತ್ತು ಆಗಸ್ಟ್ ತಿಂಗಳಲ್ಲಿ ಈ ಅಂಗಡಿಗಳು ಬಾಗಿಲು ಹಾಕಿರುವುದು ಹೆಚ್ಚು. ಒಟ್ಟಿಗೆ ನಾಲ್ಕೈದು ಟಿಕೆಟ್ಟು ಕೊಂಡಿಟ್ಟುಕೊಳ್ಳುವುದು ಜಾಣತನ. ಮುದ್ರೆ ಬೀಳುವ ತನಕ ಅದರ ಗಡಿಯಾರ ಓಡುವುದಿಲ್ಲ.

ಕಾಗದವೇ ಬೇಡ ಎನ್ನುವವರಿಗೆ ಟ್ಯಾಪ್ ಅಂಡ್ ಗೋ ಇದೆ. ಕಾರ್ಡನ್ನೋ ಫೋನನ್ನೋ ಗೇಟಿಗೆ ತಾಗಿಸಿದರೆ ಸಾಕು. ನೂರು ನಿಮಿಷದೊಳಗೆ ಬಸ್ಸಿನಲ್ಲಿ ಮತ್ತೆ ತಾಗಿಸಿದರೆ ಇದು ಹಳೆಯ ಟಿಕೆಟ್ಟೇ ಎಂದು ಅದಕ್ಕೆ ತಿಳಿಯುತ್ತದೆ. ಆದರೆ ಪ್ರತಿ ಸಲವೂ ಅದೇ ವಸ್ತುವನ್ನೇ ತಾಗಿಸಬೇಕು. ಬೆಳಿಗ್ಗೆ ಪ್ಲಾಸ್ಟಿಕ್ ಕಾರ್ಡು, ಮಧ್ಯಾಹ್ನ ಅದೇ ಕಾರ್ಡು ತುಂಬಿದ ಫೋನು ಎಂದರೆ ವ್ಯವಸ್ಥೆಯ ಕಣ್ಣಿಗೆ ಇಬ್ಬರು ಪ್ರಯಾಣಿಕರು, ಎರಡು ಟಿಕೆಟ್ಟಿನ ದುಡ್ಡು. ಮನೆಮಂದಿಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕಾರ್ಡು ಬೇಕು. ಗಂಡ ಹೆಂಡತಿ ಒಂದೇ ಕಾರ್ಡನ್ನು ಕೈ ಬದಲಾಯಿಸಿ ತಾಗಿಸುವುದು ಆಗದ ಮಾತು. ಹತ್ತು ತುಂಬದ ಮಕ್ಕಳಿಗೆ ದೊಡ್ಡವರ ಜೊತೆಯಲ್ಲಿದ್ದರೆ ಟಿಕೆಟ್ಟೇ ಬೇಡ.

ಇಲ್ಲಿಂದ ಹೋಗುವವರು ಹೊರಡುವ ಮೊದಲೇ ಮಾಡಬೇಕಾದ ಕೆಲಸ ಒಂದಿದೆ. 2020ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ಬಳಕೆಯೂ ತಾಗಿಸಿ ಪಾವತಿಸುವ ಸೌಲಭ್ಯವೂ ಮೊದಲಿಗೆ ಮುಚ್ಚಿಯೇ ಇರುತ್ತವೆ. ಬ್ಯಾಂಕಿನ ಆ್ಯಪ್‌ನಲ್ಲಿ ಎರಡನ್ನೂ ಬೇರೆಬೇರೆಯಾಗಿ ತೆರೆಯಬೇಕು. ವಿದೇಶಿ ಬಳಕೆಯನ್ನು ತೆರೆದು ತಾಗಿಸುವುದನ್ನು ಮರೆತವರ ಕಾರ್ಡು ಹೋಟೆಲಿನಲ್ಲಿ ನಡೆಯುತ್ತದೆ, ಮೆಟ್ರೊ ಗೇಟಿನಲ್ಲಿ ಕೆಂಪು ದೀಪ ತೋರಿಸುತ್ತದೆ. ವೀಸಾ, ಮಾಸ್ಟರ್‌ಕಾರ್ಡ್ ಇಟ್ಟುಕೊಳ್ಳಿ, ರುಪೇ ಕಾರ್ಡನ್ನಾಗಲಿ ಯುಪಿಐಯನ್ನಾಗಲಿ ನೆಚ್ಚಿಕೊಳ್ಳಬೇಡಿ.

ದಿನದ ಪಾಸು ಕೊಳ್ಳಬೇಕೇ? 2025ರ ಜುಲೈನಲ್ಲಿ ಪಾಸುಗಳ ದರ ಏರಿತು, ಬಿಡಿ ಟಿಕೆಟ್ಟು ಮಾತ್ರ ಒಂದೂವರೆ ಯೂರೋದಲ್ಲೇ ಉಳಿಯಿತು. 24 ಗಂಟೆಯದು 8.50, 48 ಗಂಟೆಯದು 15, 72 ಗಂಟೆಯದು 22 ಯೂರೋ. ಅಂದರೆ 24 ಗಂಟೆಯಲ್ಲಿ ಆರು ಟಿಕೆಟ್ಟು, ಮೂರು ದಿನದಲ್ಲಿ ಹದಿನೈದು ಟಿಕೆಟ್ಟು ಖರ್ಚಾಗುವಷ್ಟು ಓಡಾಡಿದರೆ ಮಾತ್ರ ಗಿಟ್ಟುತ್ತದೆ. ರೋಮಿನಂಥ ಊರಲ್ಲಿ ಯಾರೂ ಅಷ್ಟು ಓಡಾಡುವುದಿಲ್ಲ. ಮಧ್ಯದ ಭಾಗವನ್ನೆಲ್ಲ ನಡೆದೇ ನೋಡಬೇಕು, ಮೂರು ನಾಲ್ಕು ಟಿಕೆಟ್ಟಿಗೆ ದಿನ ಮುಗಿಯುತ್ತದೆ. ಮಂಡಿ ನೋವಿನ ಹಿರಿಯರು ಜೊತೆಗಿದ್ದು ಎರಡೆರಡು ಸ್ಟಾಪಿಗೂ ಬಸ್ಸು ಹತ್ತಬೇಕಾದಾಗ ಪಾಸು ಒಳ್ಳೆಯದು. ಪಾಸಿನ 24 ಗಂಟೆ ಮೊದಲ ಮುದ್ರೆಯಿಂದ ಶುರು, ಮಧ್ಯರಾತ್ರಿಗೆ ಮುಗಿಯುವುದಿಲ್ಲ. ಸಂಜೆ ನಾಲ್ಕಕ್ಕೆ ಊರಿಗೆ ಬಂದಿಳಿದವರು ಆಗಲೇ ಕೀಲಿ ಕೊಟ್ಟರೆ ಮರುದಿನ ನಾಲ್ಕರ ತನಕ ನಡೆಯುತ್ತದೆ.

ಈ ಯಾವ ಟಿಕೆಟ್ಟೂ ನಡೆಯದ ಒಂದೇ ದಾರಿಯಲ್ಲಿ ನೀವು ಊರಿಗೆ ಬರುತ್ತೀರಿ: ಫ್ಯೂಮಿಚಿನೊ ವಿಮಾನ ನಿಲ್ದಾಣದಿಂದ. ಅಲ್ಲಿಂದ ಎರಡು ಬಗೆಯ ರೈಲುಗಳಿವೆ. ಲಿಯೊನಾರ್ಡೊ ಎಕ್ಸ್‌ಪ್ರೆಸ್ ಎಲ್ಲೂ ನಿಲ್ಲದೆ 32 ನಿಮಿಷದಲ್ಲಿ ಊರಿನ ಮುಖ್ಯ ರೈಲು ನಿಲ್ದಾಣವಾದ ತೆರ್ಮಿನಿಗೆ ಬರುತ್ತದೆ, 14 ಯೂರೋ. ಎಫ್‌ಎಲ್1 ಎಂಬ ಸ್ಥಳೀಯ ರೈಲು 8 ಯೂರೋ. ಅದು ತೆರ್ಮಿನಿಗೆ ಹೋಗುವುದೇ ಇಲ್ಲ, ತ್ರಾಸ್ತೇವೆರೆ, ಒಸ್ತಿಯೆನ್ಸೆ, ತಿಬುರ್ತಿನಾ ಕಡೆಯಿಂದ ಊರನ್ನು ಬಳಸಿ ದಾಟಿಹೋಗುತ್ತದೆ. ಫಲಕದಲ್ಲಿ ರೋಮ್ ಎಂದು ಹುಡುಕಿದರೆ ಸಿಗುವುದಿಲ್ಲ. ಫಾರಾ ಸಬೀನಾ ಅಥವಾ ಒರ್ತೆ ಎಂದು ಕೊನೆಯ ನಿಲ್ದಾಣದ ಹೆಸರು ಹಾಕಿರುತ್ತಾರೆ. ಒಸ್ತಿಯೆನ್ಸೆಯಲ್ಲಿ ಇಳಿದು ನೆಲದಡಿಯ ದಾರಿಯಲ್ಲಿ ನಡೆದರೆ ಪಿರಾಮಿದೆ ಮೆಟ್ರೊ ನಿಲ್ದಾಣ, ಅಲ್ಲಿಂದ ಕೊಲೊಸ್ಸಿಯಂ ಎರಡನೇ ಸ್ಟಾಪು, ತೆರ್ಮಿನಿ ನಾಲ್ಕನೆಯದು. ಒಟ್ಟು ಒಂಬತ್ತೂವರೆ ಯೂರೋ. ಉಳಿಯುವ ನಾಲ್ಕೂವರೆ ಯೂರೋಗೆ ಎರಡು ಸೂಟ್‌ಕೇಸ್ ಎತ್ತಿ ಮೆಟ್ಟಿಲಿಳಿಯುವುದು ಬೇಕೇ ಬೇಡವೇ ಎಂಬುದು ನಿಮ್ಮ ಸೊಂಟಕ್ಕೆ ಬಿಟ್ಟದ್ದು. ತ್ರಾಸ್ತೇವೆರೆಯ ಆಸುಪಾಸಿನಲ್ಲಿ ಕೋಣೆ ಹಿಡಿದವರಿಗಂತೂ ಎಫ್‌ಎಲ್1 ಬಿಟ್ಟು ಬೇರೆ ಯೋಚನೆ ಬೇಡ. ನಾಲ್ಕು ಜನರಿದ್ದರೆ ಲೆಕ್ಕವೇ ತಿರುಗಿಬಿಡುತ್ತದೆ. ನಾಲ್ಕು ಎಕ್ಸ್‌ಪ್ರೆಸ್ ಟಿಕೆಟ್ಟಿಗೆ 56 ಯೂರೋ, ಬಿಳಿಯ ಅಧಿಕೃತ ಟ್ಯಾಕ್ಸಿಗೆ 55, ಸಾಮಾನೂ ಸೇರಿ. ಟ್ಯಾಕ್ಸಿಯ ಈ ನಿಗದಿ ದರ ಔರೇಲಿಯನ್ ಗೋಡೆಯ ಒಳಗಿನ ವಿಳಾಸಕ್ಕೆ ಮಾತ್ರ. 3ನೇ ಶತಮಾನದಲ್ಲಿ ದಾಳಿಕೋರರನ್ನು ತಡೆಯಲು ಕಟ್ಟಿದ 19 ಕಿಲೋಮೀಟರಿನ ಕೋಟೆಗೋಡೆ ಇವತ್ತು ಟ್ಯಾಕ್ಸಿ ಬಾಡಿಗೆಯ ಗಡಿಯಾಗಿ ನಿಂತಿದೆ. ಹತ್ತುವ ಮೊದಲು "ತಾರಿಫ್ಫಾ ಫಿಸ್ಸಾ?", ಅಂದರೆ ನಿಗದಿ ದರವೇ, ಎಂದು ಕೇಳಿ, ಹೌದು ಎನಿಸಿಕೊಂಡೇ ಹತ್ತಿ.

ರೈಲಿನ ಕಾಗದದ ಟಿಕೆಟ್ಟಿಗೂ ಮುದ್ರೆ ಬೇಕು. ಪ್ಲಾಟ್‌ಫಾರ್ಮಿನ ಬಳಿ ಅದಕ್ಕೆ ಬೇರೆಯೇ ಪೆಟ್ಟಿಗೆ ಇರುತ್ತದೆ, ರೈಲಿನೊಳಗೆ ಇರುವುದಿಲ್ಲ. ಫೋನಿನಲ್ಲಿ ಕೊಂಡ ಸ್ಥಳೀಯ ರೈಲಿನ ಟಿಕೆಟ್ಟಿಗೆ ಹತ್ತುವ ಮೊದಲು ಫೋನಿನಲ್ಲೇ ಚೆಕ್-ಇನ್ ಮಾಡಬೇಕು. ವಾಪಸು ಹೋಗುವ ದಿನ ಇನ್ನೊಂದು ನೆನಪಿಡಿ: ತೆರ್ಮಿನಿಯಲ್ಲಿ ಲಿಯೊನಾರ್ಡೊ ಎಕ್ಸ್‌ಪ್ರೆಸ್ ಹೊರಡುವುದು 23 ಅಥವಾ 24ನೇ ಪ್ಲಾಟ್‌ಫಾರ್ಮಿನಿಂದ, ನಿಲ್ದಾಣದ ಒಂದು ಅಂಚಿನಲ್ಲಿ. ಮೆಟ್ರೊದಿಂದ ಮೇಲೆ ಬಂದು ಅಲ್ಲಿಗೆ ಮುಟ್ಟಲು ಹತ್ತು ನಿಮಿಷ ಬೇಕು. ಅಂದಹಾಗೆ ತೆರ್ಮಿನಿ ಎಂಬ ಹೆಸರು ಕೊನೆಯ ನಿಲ್ದಾಣ ಎಂಬರ್ಥದ್ದಲ್ಲ. ಎದುರಿಗೇ ಇರುವ ದಯೋಕ್ಲೀಷನ್ ಚಕ್ರವರ್ತಿಯ ಸ್ನಾನಗೃಹಗಳಿಂದ ಬಂದದ್ದು. ಸ್ನಾನಗೃಹಕ್ಕೆ ಅಲ್ಲಿಯ ಮಾತಿನಲ್ಲಿ ತೆರ್ಮೆ.

ಮೆಟ್ರೊ ನಕ್ಷೆ ನೋಡಿದರೆ ಇಷ್ಟೇನೇ ಎನಿಸುತ್ತದೆ. ಕಿತ್ತಳೆ ಬಣ್ಣದ ಎ, ನೀಲಿ ಬಣ್ಣದ ಬಿ, ಹಸಿರು ಬಣ್ಣದ ಸಿ. ಎ ಮತ್ತು ಬಿ ಕತ್ತರಿ ಆಕಾರದಲ್ಲಿ ಹಾದು ತೆರ್ಮಿನಿಯಲ್ಲಿ ಮಾತ್ರ ಸೇರುತ್ತವೆ. ಬೊಲೋನ್ಯಾ ಎಂಬ ನಿಲ್ದಾಣದಲ್ಲಿ ಬಿ ಲೈನ್ ಕವಲೊಡೆಯುತ್ತದೆ, ಒಂದು ರೆಬಿಬ್ಬಿಯಾಕ್ಕೆ, ಇನ್ನೊಂದು ಜೋನಿಯೊಗೆ. ರೈಲಿನ ಮುಖದ ಮೇಲಿನ ಹೆಸರು ಓದಿ ಹತ್ತಬೇಕು. ಪ್ಯಾಂಥಿಯನ್, ಪಿಯಾತ್ಸಾ ನವೋನಾ, ಕಾಂಪೊ ದೆ ಫಿಯೋರಿ ಇರುವ ಹಳೆಯ ಊರಿನ ಹೊಟ್ಟೆಯೊಳಗೆ ಒಂದೇ ಒಂದು ಮೆಟ್ರೊ ನಿಲ್ದಾಣವಿಲ್ಲ.

ಕಾರಣ ನೆಲದಡಿಯಲ್ಲಿದೆ. ರೋಮಿನಲ್ಲಿ ಎಲ್ಲಿ ಗುದ್ದಲಿ ಹಾಕಿದರೂ ಯಾರದೋ ಮನೆ ಸಿಗುತ್ತದೆ. ಸುರಂಗ ಕೊರೆಯುವುದು ದೊಡ್ಡ ಕಷ್ಟವಲ್ಲ, ಯಂತ್ರ ಹಳೆಯ ಪದರಗಳಿಗಿಂತ ಕೆಳಗೆ ಸಾಗುತ್ತದೆ. ನಿಲ್ದಾಣಕ್ಕೆ ಮಾತ್ರ ಮೇಲಿನಿಂದ ಕೆಳಗಿನ ತನಕ ಅಗೆಯಲೇಬೇಕು, ಎರಡು ಸಾವಿರ ವರ್ಷವನ್ನು ಒಂದೊಂದೇ ಪದರವಾಗಿ ಕೈಯಲ್ಲಿ ಬಿಡಿಸಬೇಕು. ಬಿ ಲೈನಿನ ಕೆಲಸವನ್ನು 1942ರಲ್ಲಿ ನಡೆಯಬೇಕಿದ್ದ ವಿಶ್ವ ವಸ್ತುಪ್ರದರ್ಶನಕ್ಕಾಗಿ ಮುಸೊಲಿನಿ ಕಾಲದಲ್ಲಿ ಶುರುಮಾಡಿದರು. ಯುದ್ಧ ಬಂದು ನಿಂತಿತು, ರೈಲು ಓಡಿದ್ದು 1955ರಲ್ಲಿ. ಎ ಲೈನಿಗೆ 1964ರಲ್ಲಿ ಅಗೆತ ಆರಂಭವಾಗಿ 1980ರಲ್ಲಿ ಮುಗಿಯಿತು. ಸಿ ಲೈನಿನ ಹೊರವಲಯದ ಭಾಗ 2014ರಲ್ಲಿ, ಸಾನ್ ಜೊವಾನ್ನಿ ನಿಲ್ದಾಣ 2018ರಲ್ಲಿ, ಕೊಲೊಸ್ಸಿಯಂ ತನಕದ ತುಂಡು 2025ರ ಡಿಸೆಂಬರ್‌ನಲ್ಲಿ ತೆರೆದವು. ಮುಂದಿನ ನಿಲ್ದಾಣ ಪಿಯಾತ್ಸಾ ವೆನೇತ್ಸಿಯಾದಲ್ಲಿ ಅಗೆತ ಸಾಗಿದೆ. ಅದಕ್ಕಾಗಿ ಆ ಚೌಕದ ಬಸ್ ಸ್ಟಾಪುಗಳನ್ನು ಅತ್ತಿತ್ತ ಸರಿಸಿದ್ದಾರೆ, ಹಳೆಯ ಪ್ರವಾಸಿ ಪುಸ್ತಕ ಹಿಡಿದು ಅಲ್ಲಿ ಬಸ್ಸು ಹುಡುಕಬೇಡಿ.

ಈ ಅಗೆತದ ಫಲ ನೋಡಬೇಕೆಂದರೆ ಸಿ ಲೈನಿನ ಒಂದು ಟಿಕೆಟ್ಟು ಸಾಕು. ಸಾನ್ ಜೊವಾನ್ನಿಯಲ್ಲಿ ಎಸ್ಕಲೇಟರ್ ಇಳಿಯುತ್ತ ಹೋದಂತೆ ಗೋಡೆಯ ಮೇಲೆ ಆಳವೂ ಆ ಆಳದ ಕಾಲವೂ ಬರೆದಿರುತ್ತದೆ. ಅಲ್ಲಿ ರೋಮನ್ನರ ಒಂದು ತೋಟದ ದೊಡ್ಡ ನೀರಿನ ತೊಟ್ಟಿ ಸಿಕ್ಕಿತ್ತು. ತಿಂದುಳಿದ ಪೀಚ್ ಹಣ್ಣಿನ ಓಟೆಗಳನ್ನೂ ಗಾಜಿನೊಳಗೆ ಇಟ್ಟಿದ್ದಾರೆ. ಮುಂದಿನ ಪೋರ್ತಾ ಮೆತ್ರೋನಿಯಾದಲ್ಲಿ ಸಿಕ್ಕಿದ್ದು ಹೇಡ್ರಿಯನ್ ಚಕ್ರವರ್ತಿಯ ಕಾಲದ ಸೈನಿಕರ ವಸತಿ, 39 ಕೋಣೆ. ಕಿತ್ತು ಎತ್ತಿಟ್ಟು, ನಿಲ್ದಾಣ ಕಟ್ಟಿ, ಮತ್ತೆ ಅದೇ ಜಾಗದಲ್ಲಿ ಜೋಡಿಸಿದರು. ಸಿ ಲೈನಿನ ರೈಲುಗಳಿಗೆ ಚಾಲಕರಿಲ್ಲ, ಮುಂದಿನ ಗಾಜಿನ ಹತ್ತಿರ ನಿಂತರೆ ಸುರಂಗವೇ ಎದುರಿಗೆ ಬರುತ್ತದೆ. ಮಕ್ಕಳಿಗೆ ಕೊಲೊಸ್ಸಿಯಮ್ಮಿಗಿಂತ ಇದು ಹೆಚ್ಚು ಹಿಡಿಸಿದರೆ ಬೇಸರ ಮಾಡಿಕೊಳ್ಳಬೇಡಿ.

ಹೀಗಿರುವಾಗ ಮೆಟ್ರೊದಲ್ಲಿ ಹಳೆಯ ಊರಿನ ಅಂಚಿಗೆ ಮುಟ್ಟಿ ಅಲ್ಲಿಂದ ನಡೆಯುವುದೇ ಸರಿಯಾದ ಕ್ರಮ. ತ್ರೇವಿ ಕಾರಂಜಿಗೆ ಬಾರ್ಬೆರಿನಿಯಲ್ಲಿ ಇಳಿದು ಹತ್ತು ನಿಮಿಷದ ನಡಿಗೆ, ಅಲ್ಲಿಂದ ಪ್ಯಾಂಥಿಯನ್ನಿಗೆ ಇನ್ನೊಂದು ಹತ್ತು. ಸಂತ ಪೀಟರರ ಚೌಕಕ್ಕೆ ಒತ್ತವಿಯಾನೊ. ವ್ಯಾಟಿಕನ್ ಮ್ಯೂಸಿಯಮ್ಮಿಗೆ ಮುಂದಿನ ಸ್ಟಾಪಾದ ಚಿಪ್ರೊ ವಾಸಿ, ಜನಸಂದಣಿ ಕಡಿಮೆ. ಬುಧವಾರ ಬೆಳಿಗ್ಗೆ ಪೋಪ್ ದರ್ಶನ, ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಅವರ ಪ್ರಾರ್ಥನೆ ಇರುವುದರಿಂದ ಆ ಹೊತ್ತಿಗೆ ಒತ್ತವಿಯಾನೊ ಎಂದರೆ ಜಾತ್ರೆ. ರಸ್ತೆಗಳಿಗೆ ಹಾಸಿದ ಸಾಂಪಿಯೆತ್ರೀನಿ ಎಂಬ ಕರಿಕಲ್ಲುಗಳ ಮೇಲೆ ಸೂಟ್‌ಕೇಸಿನ ಚಕ್ರ ಉಳಿಯುವುದಿಲ್ಲ, ತೆಳು ಅಟ್ಟೆಯ ಚಪ್ಪಲಿಯಲ್ಲಿ ಪಾದವೂ ಉಳಿಯುವುದಿಲ್ಲ. ನೀರಿಗೆ ದುಡ್ಡು ಕೊಡಬೇಡಿ. ಬೀದಿಬೀದಿಗೆ ನಾಸೋನೆ ಎಂಬ ಎರಕದ ನಲ್ಲಿಗಳಿವೆ, ಹೆಸರಿನ ಅರ್ಥ ದೊಡ್ಡ ಮೂಗು. ಮೂಗಿನ ತುದಿಯನ್ನು ಬೆರಳಿನಿಂದ ಮುಚ್ಚಿದರೆ ಮೇಲಿನ ಸಣ್ಣ ತೂತಿನಿಂದ ಬಾಯಿಗೇ ಚಿಮ್ಮುತ್ತದೆ.

ಬಸ್ಸು ಹಿಡಿಯುವುದು ಓದುವ ವಿದ್ಯೆ. ಕಂಬದ ಮೇಲೆ 'ಫೆರ್ಮಾತಾ' ಎಂದಿರುತ್ತದೆ, ಸ್ಟಾಪು ಎಂದರ್ಥ. ಅದರ ಕೆಳಗೆ ನಂಬರೂ ನಂಬರಿನಡಿ ಸ್ಟಾಪುಗಳ ಪಟ್ಟಿಯೂ. ನೀವು ನಿಂತ ಸ್ಟಾಪಿಗೆ ಚೌಕಟ್ಟು ಹಾಕಿರುತ್ತಾರೆ. ನೀವು ಹೋಗಬೇಕಾದ ಹೆಸರು ಚೌಕಟ್ಟಿಗಿಂತ ಕೆಳಗಿದ್ದರೆ ಸರಿ, ಮೇಲಿದ್ದರೆ ರಸ್ತೆಯ ಆಚೆ ಬದಿಗೆ ಹೋಗಬೇಕು. ಒಂದೇ ದಿಕ್ಕಿನ ರಸ್ತೆಗಳು ಹೆಚ್ಚಾದ್ದರಿಂದ ವಾಪಸಿನ ಸ್ಟಾಪು ಎಷ್ಟೋ ಸಲ ಪಕ್ಕದ ಬೀದಿಯಲ್ಲಿರುತ್ತದೆ. ವೇಳಾಪಟ್ಟಿಯಲ್ಲಿ 'ಫೆರಿಯಾಲೆ' ಎಂದು ಕಂಡರೆ ರಜಾದಿನ ಎಂದುಕೊಳ್ಳಬೇಡಿ. ಅದು ಕೆಲಸದ ದಿನ, ಶನಿವಾರವೂ ಸೇರಿ. ಭಾನುವಾರ ಮತ್ತು ಹಬ್ಬಗಳಿಗೆ 'ಫೆಸ್ತೀವೊ'. ಬಸ್ಸು ಬಂದರೆ ಕೈ ಅಡ್ಡಹಾಕಿ, ಸುಮ್ಮನೆ ನಿಂತವರಿಗೆ ನಿಲ್ಲಿಸಲೇಬೇಕೆಂದಿಲ್ಲ. ಇಳಿಯುವುದಕ್ಕೆ ಒಂದು ಸ್ಟಾಪು ಮುಂಚೆ ಕೆಂಪು ಗುಂಡಿ ಒತ್ತಿ ಮಧ್ಯದ ಬಾಗಿಲಿಗೆ ಸರಿಯಬೇಕು. ಅಡ್ಡ ನಿಂತವರಿಗೆ "ಪೆರ್ಮೆಸ್ಸೊ" ಎನ್ನಿ, ದಾರಿ ಸಿಗುತ್ತದೆ.

ತೆರ್ಮಿನಿಯಿಂದ ವ್ಯಾಟಿಕನ್ ದಿಕ್ಕಿಗೆ 64 ಮತ್ತು 40, ತ್ರಾಸ್ತೇವೆರೆಗೆ ಎಚ್, ವೆನೇತ್ಸಿಯಾ ಚೌಕದಿಂದ ತ್ರಾಸ್ತೇವೆರೆಗೆ 8ನೇ ಟ್ರಾಮ್. ಹಳಿ ರಿಪೇರಿ ನಡೆಯುವಾಗ ಟ್ರಾಮಿನ ಬದಲು ಅದೇ ನಂಬರಿನ ಬಸ್ಸು ಬಿಡುತ್ತಾರೆ. 40ಕ್ಕೆ ಸ್ಟಾಪುಗಳು ಕಡಿಮೆ, ಬೇಗ ಮುಟ್ಟಿಸುತ್ತದೆ. ಹೀಗಿದ್ದೂ ಪ್ರವಾಸಿಗರೆಲ್ಲ 64ಕ್ಕೇ ಮುಗಿಬೀಳುತ್ತಾರೆ, ಅವರ ಹಿಂದೆ ಜೇಬುಗಳ್ಳರೂ. ಅವರ ಕಸುಬು ನಡೆಯುವುದು ಬಾಗಿಲ ಹತ್ತಿರ, ಬಾಗಿಲು ಮುಚ್ಚುವ ಕ್ಷಣದಲ್ಲಿ. ಒಬ್ಬರು ಹತ್ತುವಲ್ಲಿ ತಡವರಿಸಿ ದಾರಿ ಕಟ್ಟುತ್ತಾರೆ, ಹಿಂದಿನವರು ಒತ್ತುತ್ತಾರೆ, ತೋಳಿನ ಮೇಲೆ ಇಳಿಬಿಟ್ಟ ಶಾಲಿನಡಿ ಕೈ ಕೆಲಸ ಮಾಡುತ್ತದೆ, ಬಾಗಿಲು ಮುಚ್ಚುವ ಹೊತ್ತಿಗೆ ಇಬ್ಬರೂ ಕೆಳಗೆ. ಎ ಲೈನಿನಲ್ಲಿ ತೆರ್ಮಿನಿಯಿಂದ ಒತ್ತವಿಯಾನೊ ತನಕವೂ ಇದೇ ಕಥೆ. ಬಾಗಿಲು ಬಿಟ್ಟು ಒಳಗೆ ನಿಲ್ಲಿ. ನಮ್ಮ ಕುಟುಂಬಗಳಲ್ಲಿ ಎಲ್ಲರ ಪಾಸ್‌ಪೋರ್ಟೂ ಯಜಮಾನರ ಒಂದೇ ಪೌಚಿನಲ್ಲಿರುವ ರೂಢಿ ಇದೆಯಲ್ಲ, ಅದನ್ನು ರೋಮಿನ ಮಟ್ಟಿಗೆ ಬಿಟ್ಟುಬಿಡಿ. ಕಳೆದರೆ ಮೊದಲು ಪೊಲೀಸರಲ್ಲಿ ದೂರು ಬರೆಸಿ ಅದರ ಪ್ರತಿ ಪಡೆದು, ನಂತರ ವಿಯಾ ವೆಂತಿ ಸೆತ್ತೆಂಬ್ರೆಯಲ್ಲಿರುವ ಭಾರತೀಯ ರಾಯಭಾರ ಕಚೇರಿಗೆ ಹೋಗಬೇಕು. ತುರ್ತು ಕರೆಗೆ 112.

ಭಾನುವಾರ ಕೊಲೊಸ್ಸಿಯಮ್ಮಿನಿಂದ ವೆನೇತ್ಸಿಯಾ ಚೌಕಕ್ಕೆ ಹೋಗುವ ಫೋರಿ ಇಂಪೆರಿಯಾಲಿ ರಸ್ತೆಯನ್ನು ನಡೆಯುವವರಿಗೆ ಬಿಟ್ಟು ವಾಹನ ನಿಲ್ಲಿಸುತ್ತಾರೆ, ಆ ದಾರಿಯ ಬಸ್ಸುಗಳು ಸುತ್ತುಹಾಕುತ್ತವೆ. ಮೆಟ್ರೊ ಬೆಳಿಗ್ಗೆ ಐದೂವರೆಯಿಂದ ರಾತ್ರಿ ಹನ್ನೊಂದೂವರೆ, ಶುಕ್ರವಾರ ಶನಿವಾರ ಒಂದೂವರೆ ತನಕ. ಕಾಮಗಾರಿ ಇದ್ದ ತಿಂಗಳುಗಳಲ್ಲಿ ಒಂಬತ್ತಕ್ಕೇ ಮುಚ್ಚಿದ್ದೂ ಉಂಟು. ಆಮೇಲೆ 'ಎನ್' ಅಕ್ಷರದ ರಾತ್ರಿ ಬಸ್ಸುಗಳಿವೆ. ಎಸ್ಕಲೇಟರುಗಳ ಮೇಲೆ ಭರವಸೆ ಇಡಬೇಡಿ. 2018ರ ಅಕ್ಟೋಬರ್‌ನಲ್ಲಿ ರೆಪೂಬ್ಲಿಕಾ ನಿಲ್ದಾಣದಲ್ಲಿ ಫುಟ್‌ಬಾಲ್ ನೋಡಲು ಬಂದವರು ನಿಂತಿದ್ದ ಎಸ್ಕಲೇಟರ್ ಹಿಡಿತ ತಪ್ಪಿ ಜಾರಿ ಹಲವರು ಗಾಯಗೊಂಡರು, ನಿಲ್ದಾಣ ತಿಂಗಳುಗಟ್ಟಲೆ ಮುಚ್ಚಿತ್ತು. ಗಾಲಿಕುರ್ಚಿ ಬೇಕಾದವರು ಎ ಲೈನಿಗಿಂತ ಹೊಸ ಸಿ ಲೈನನ್ನೂ ಬಸ್ಸನ್ನೂ ನಂಬುವುದು ಮೇಲು.

ಇನ್ನು ಷೋಪೆರೊ. ಮುಷ್ಕರಕ್ಕೆ ಅಲ್ಲಿಯ ಮಾತು. ಶುಕ್ರವಾರಗಳಿಗೆ ಬೀಳುವುದು ಹೆಚ್ಚು. ದಿಢೀರನೆ ಬರುವುದಿಲ್ಲ, 1990ರ ಕಾನೂನಿನಂತೆ ಮೊದಲೇ ಸಾರಬೇಕು, ಸಾರಿಗೆ ಸಚಿವಾಲಯದ ಜಾಲತಾಣದಲ್ಲಿ ದಿನಾಂಕಗಳ ಪಟ್ಟಿ ಸಿಗುತ್ತದೆ. 24 ಗಂಟೆ ಮುಷ್ಕರ ಎಂದು ಓದಿ ಇಡೀ ದಿನ ಹೋಟೆಲಿನಲ್ಲಿ ಕೂರಬೇಕಿಲ್ಲ. ಬೆಳಗಿನ ಮೊದಲ ಗಾಡಿಯಿಂದ ಎಂಟೂವರೆ ತನಕ, ಮತ್ತೆ ಸಂಜೆ ಐದರಿಂದ ಎಂಟರ ತನಕ ಬಸ್ಸು, ಮೆಟ್ರೊ ಓಡಲೇಬೇಕು. ಸರ್ಕಾರಿ ರೈಲಿನ ಹೊತ್ತು ಬೇರೆ: ಕೆಲಸದ ದಿನಗಳಲ್ಲಿ ಆರರಿಂದ ಒಂಬತ್ತು, ಸಂಜೆ ಆರರಿಂದ ಒಂಬತ್ತು. ಮಧ್ಯಾಹ್ನದ ವಿಮಾನ ಇದ್ದವರು ಆ ದಿನ ಬೆಳಿಗ್ಗೆ ಎಂಟರ ಮುಂಚೆಯೇ ಹೊರಟುಬಿಡಬೇಕು. ಲಿಯೊನಾರ್ಡೊ ಎಕ್ಸ್‌ಪ್ರೆಸ್ ಬದಲಿಗೆ ಬಸ್ಸು ಬಿಡುವುದುಂಟು, ಆದರೆ ಅದಕ್ಕೂ ಟ್ರಾಫಿಕ್ ತಪ್ಪಿದ್ದಲ್ಲ.

ಒಂದೂವರೆ ಯೂರೋ ಟಿಕೆಟ್ಟಿನ ಕಸುವೆಲ್ಲ ಗೊತ್ತಾಗುವುದು ಒಸ್ತಿಯಾ ಅಂತೀಕಾಕ್ಕೆ ಹೋದಾಗ. ಪುರಾತನ ರೋಮಿನ ಬಂದರು ಪಟ್ಟಣ ಅದು, ಪೊಂಪೇಯಷ್ಟು ಹೆಸರಿಲ್ಲ, ಅಷ್ಟು ನೂಕುನುಗ್ಗಲೂ ಇಲ್ಲ. ಬಿ ಲೈನಿನಲ್ಲಿ ಪಿರಾಮಿದೆಗೆ ಬಂದು, ಅಂಟಿಕೊಂಡೇ ಇರುವ ಪೋರ್ತಾ ಸಾನ್ ಪಾವೊಲೊ ನಿಲ್ದಾಣದಿಂದ ಸಮುದ್ರದ ಕಡೆಯ ರೈಲು ಹತ್ತಬೇಕು. ಅರ್ಧ ಗಂಟೆಯ ದಾರಿ, ಅದೇ ಟಿಕೆಟ್ಟು ಸಾಕು. ನಿಲ್ದಾಣದಿಂದ ಹೆದ್ದಾರಿಯ ಮೇಲಿನ ನಡೆಸೇತುವೆ ದಾಟಿ ನೇರ ನಡೆದರೆ ಬಾಗಿಲು. ಸೋಮವಾರ ರಜೆ. ಸಮುದ್ರಸ್ನಾನಕ್ಕೆ ಹೊರಟ ರೋಮನ್ನರಿಂದ ಬೇಸಿಗೆಯ ಶನಿವಾರ ಭಾನುವಾರ ಆ ರೈಲು ತುಂಬಿ ತುಳುಕುತ್ತದೆ, ವಾರದ ನಡುವೆ ಹೋಗಿ. ಒಳಗೆ ಮೂರು ನಾಲ್ಕು ಗಂಟೆ ಹೇಗೆ ಕಳೆಯಿತೆಂದು ತಿಳಿಯುವುದಿಲ್ಲ, ಬೆಳಗಿನ ಟಿಕೆಟ್ಟಿನ ನೂರು ನಿಮಿಷ ಅಷ್ಟರಲ್ಲಿ ಎಂದೋ ಮುಗಿದಿರುತ್ತದೆ. ವಾಪಸಿನದನ್ನು ಬೆಳಿಗ್ಗೆ ರೋಮಿನಲ್ಲೇ ಕೊಂಡು, ಮುದ್ರೆ ಹಾಕಿಸದೆ, ಬೇರೆ ಜೇಬಿನಲ್ಲಿಟ್ಟುಕೊಳ್ಳಿ.